ಸೈಲೆನ್ಸರ್ ಬಿಚ್ಚಿದ ಮೂರು ವಾರ

ಸೆಪ್ಟೆಂಬರ್ 8, 2025, ಸೋಮವಾರ

ಮಾತು ಬಿಟ್ಟು ಇವತ್ತಿಗೆ ಎರಡು ದಿನ. ಗಂಟಲಿನೊಳಗಿದ್ದ ಗಂಟು ತೆಗೆದ ಡಾಕ್ಟರು, “ಮೂರು ವಾರ ಒಂದ ಅಕ್ಷರ ಆಡಬ್ಯಾಡ್ರಿ. ಪಿಸುಮಾತು ಅಂತೂ ಬ್ಯಾಡೇ ಬ್ಯಾಡ. ಆಡಿದ್ರ ಇದ್ದ ದನಿನೂ ಹೋಗತೈತಿ” ಎಂದಿದ್ದಾರೆ. ನನಗೆ ಹೇಳಿದ್ದು ಸಾಲದೆಂದು ನನ್ನ ಹೆಂಡತಿ ಸಬೀರಾಳನ್ನೂ ಒಳಗೆ ಕರೆದು ಹೇಳಿದರು. ಅವಳು ತಲೆ ಅಲ್ಲಾಡಿಸಿದ ರೀತಿ ನೋಡಿದರೆ ಅರ್ಧ ಹೆದರಿಕೆ, ಅರ್ಧ ಸಂತೋಷ ಎಂದು ನನಗನಿಸಿತು.

ಇಪ್ಪತ್ತೆರಡು ವರ್ಷ ವಿಜಯಪುರದ ಮಾರುಕಟ್ಟೆಯಲ್ಲಿ ನಿಂಬೆಹಣ್ಣಿನ ಹರಾಜಿನ ಸವಾಲು ಕೂಗಿದ ಗಂಟಲು ಇದು. ಹಣ್ಣಿನ ರಾಶಿಯ ಪಕ್ಕ ಸ್ಟೂಲಿನ ಮೇಲೆ ನಿಂತು ನಾನು “ಒಂದನೇ ಸಲ, ಎರಡನೇ ಸಲ” ಎಂದರೆ ಗೇಟಿನ ಹೊರಗೆ ಚಹಾ ಕುಡಿಯುವವನೂ ಕಪ್ಪು ಇಟ್ಟು ಓಡಿ ಬರುತ್ತಿದ್ದ. “ಮೂರನೇ ಸಲ” ಎಂದು ಕೈ ಬೀಸಿದೆನೆಂದರೆ ಮುಗಿಯಿತು, ಮಾಲು ಒಬ್ಬನದಾಯಿತು. ಈಗ ನನ್ನ ಸ್ಟೂಲಿನ ಮೇಲೆ ಸಿದ್ದರಾಮ ನಿಲ್ಲುತ್ತಿದ್ದಾನೆ. ಮನುಷ್ಯ ಒಳ್ಳೆಯವನೇ, ಆದರೆ ಅವನ ದನಿ ನೀರು ಬೆರೆಸಿದ ಮಜ್ಜಿಗೆ. ನನ್ನ ದನಿ ತಿರುಗಿ ಬರದಿದ್ದರೆ ನಾನು ಯಾರು? ಚೀಲ ಹೊರಲು ಬೆನ್ನಿಲ್ಲ, ದಲಾಲಿ ಮಾಡಲು ಗಂಟಿಲ್ಲ. ಮಾತೇ ನನ್ನ ಬಂಡವಾಳ.

ಸುಮ್ಮನಿರಲಾರದೆ ಈ ನೋಟ್‌ಬುಕ್ಕಿನ ಜೊತೆ ಮಾತಾಡುತ್ತಿದ್ದೇನೆ. ಮಗಳು ಮಿನಾಜಳದ್ದು, ಅರ್ಧ ಖಾಲಿ ಇದೆ. ಅವಳು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಾಳೆ. ಅವಳು ಚಿಕ್ಕವಳಿದ್ದಾಗ ಬರೆಯುತ್ತಿದ್ದ ಪಾಟಿಯನ್ನೂ ಸಬೀರಾ ಹುಡುಕಿ ತೆಗೆದಿದ್ದಾಳೆ. ನನಗೆ ಏನು ಬೇಕಾದರೂ ಅದರ ಮೇಲೆ ಬರೆದು ತೋರಿಸಬೇಕಂತೆ. ನಲವತ್ತೇಳನೆಯ ವಯಸ್ಸಿಗೆ ಮತ್ತೆ ಒಂದನೇ ಇಯತ್ತೆ.

ಸೆಪ್ಟೆಂಬರ್ 9, ಮಂಗಳವಾರ

‘ಚಹಾ’ ಎಂದು ಬರೆದೆ. ಕೊಟ್ಟಳು. ‘ಸಕ್ಕರೆ ಕಡಿಮೆ’ ಎಂದು ಬರೆದು ಮುಗಿಸುವಷ್ಟರಲ್ಲಿ ಚಹಾ ಆರಿತ್ತು. ಹಾಗೇ ಕುಡಿದೆ.

ಸೆಪ್ಟೆಂಬರ್ 11, ಗುರುವಾರ

ಹಾಲು ತರಲು ಮೋಟರ್‌ಸೈಕಲ್ ತೆಗೆದೆ. ಓಣಿಯ ಕೊನೆಯ ಮನೆಯ ಆಶಾಬಿ ಖಾಲಾ ಕಟ್ಟೆಯ ಮೇಲೆ ಕೂತವಳು ಎರಡೂ ಕಿವಿ ಮುಚ್ಚಿಕೊಂಡು, “ಯಪ್ಪಾ ಸೈಫು, ನಿನ್ನ ಗಂಟಲಾ ಬಂದ್ ಆತು. ಈ ಗಾಡಿ ಗಂಟಲಾ ಎಂದ ಬಂದ್ ಆಗೂದೋ?” ಎಂದಳು. ಓಣಿಯೆಲ್ಲ ನಕ್ಕಿತು. ನನ್ನ ಬಾಯಲ್ಲಿ ನಾಲ್ಕು ಉತ್ತರ ಸಿದ್ಧವಿದ್ದವು. ನಾಲ್ಕನ್ನೂ ನುಂಗಿದೆ.

ಸೈಲೆನ್ಸರ್ ಒಡೆದು ಒಂದು ವರ್ಷವೇ ಆಗಿರಬೇಕು. ನನಗೆ ಗೊತ್ತೇ ಆಗಿರಲಿಲ್ಲ. ಗಾಡಿಗಿಂತ ಜೋರಾಗಿ ಮಾತಾಡುವವನಿಗೆ ಹೇಗೆ ಗೊತ್ತಾಗಬೇಕು? ಇವತ್ತು ಬಗ್ಗಿ ನೋಡಿದೆ. ಎಂಜಿನ್ನಿನಿಂದ ಬರುವ ಕೊಳವೆ ಸೈಲೆನ್ಸರಿಗೆ ಸೇರುವ ಕಡೆ, ಕೆಳಮೈಯನ್ನು ತುಕ್ಕು ತಿಂದು ಹೆಬ್ಬೆರಳು ಹೋಗುವಷ್ಟು ತೂತು ಮಾಡಿದೆ. ಹದಿನೈದು ವರ್ಷದ ಗಾಡಿಗೆ ಕಂಪನಿಯ ಮಾಲು ಈಗ ಸಿಗುವುದಿಲ್ಲ. ಸಿಗುವ ನಕಲಿ ಮಾಲು ಎರಡು ಮಳೆಗಾಲ ಕಾಣುವುದಿಲ್ಲ. ಮೆಕ್ಯಾನಿಕ್ಕನ ಹತ್ತಿರ ಹೋದರೆ ಅವನೊಡನೆ ಮಾತಾಡಬೇಕು. ನಾನೇ ಬಿಚ್ಚುವುದೆಂದು ತೀರ್ಮಾನಿಸಿದೆ. ಹೇಗಿದ್ದರೂ ಹೊತ್ತು ಹೋಗಬೇಕಲ್ಲ.

‘ಸೈಲೆನ್ಸರ್ ನಾನೇ ರಿಪೇರಿ ಮಾಡ್ತೀನಿ’ ಎಂದು ಬರೆದು ಸಬೀರಾಗೆ ತೋರಿಸಿದೆ. ಅವಳು ಓದಿ, ನನ್ನ ಮುಖ ನೋಡಿ, ಏನೋ ಹೇಳಲು ಬಾಯಿ ತೆರೆದು, ಹೇಳದೆ ಒಳಗೆ ಹೋದಳು.

ಸೆಪ್ಟೆಂಬರ್ 12, ಶುಕ್ರವಾರ

ನಮಾಜು ಮುಗಿಸಿ ಬಂದು ಕೆಲಸಕ್ಕೆ ಕೂತೆ. ಸೈಲೆನ್ಸರಿಗೆ ಮೂರು ಕಡೆ ಹಿಡಿತ. ಹಿಂದೆ, ಕಾಲಿಡುವ ಕಂಬಿಯ ಹತ್ತಿರ ಒಂದು ಬೋಲ್ಟು. ಮುಂದೆ, ಎಂಜಿನ್ನಿನ ಬಾಯಲ್ಲಿ ಎಡಕ್ಕೊಂದು ಬಲಕ್ಕೊಂದು ನಟ್ಟು. ತುಕ್ಕಿಗೆ ನಿಂಬೆಹಣ್ಣಿನಂಥ ಔಷಧಿಯಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವನು ನಾನು. ಹತ್ತು ಹಣ್ಣು ಹೋಳು ಮಾಡಿ, ಉಪ್ಪು ಸವರಿ ತಿಕ್ಕಿದೆ. ಮೇಲೆ ಥಳಥಳ, ಒಳಗೆ ಇದ್ದ ಹಾಗೇ. ಮೇಲೆ ಬಸಪ್ಪ, ಒಳಗೆ ವಿಷಪ್ಪ.

ಹಿಂದಿನ ಬೋಲ್ಟು ಹೇಗೋ ಬಂತು. ಎಡಗಡೆಯ ನಟ್ಟಿಗೆ ಪಾನಾ ಹಾಕಿ ತಿರುಗಿಸಿದೆ, ಅಲ್ಲಾಡಲಿಲ್ಲ. ಪಾನಾದ ತುದಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಹಿಡಿದೆ. ಅಭ್ಯಾಸಬಲ ನೋಡಿ, ಮನಸ್ಸಿನೊಳಗೆ ‘ಒಂದನೇ ಸಲ’ ಅಂದು ಸ್ವಲ್ಪ ಎಳೆದೆ. ‘ಎರಡನೇ ಸಲ’, ಇನ್ನಷ್ಟು. ‘ಮೂರನೇ ಸಲ’ ಅನ್ನುವಾಗ ಮಾರುಕಟ್ಟೆಯಲ್ಲಿ ಕೈ ಬೀಸುವ ಹಾಗೆಯೇ ಬೀಸಿ ಎಳೆದೆ. ಟಕ್ ಎಂದಿತು. ನಟ್ಟು ಕೈಗೆ ಬಂತು, ಅದು ಕೂತಿದ್ದ ಕಬ್ಬಿಣದ ಕಡ್ಡಿಯ ಅರ್ಧವೂ ಬಂತು. ಉಳಿದರ್ಧ ಎಂಜಿನ್ನಿನೊಳಗೆ ಮುರಿದು ನಿಂತಿದೆ. ಮಾಲು ನನ್ನ ಪಾಲಿಗೇ ಬಿತ್ತು.

ಬಾಯಿಗೆ ಬಂದ ಬೈಗುಳ ತಡೆದದ್ದು ಹೇಗೆಂದು ಅಲ್ಲಾಹನೇ ಬಲ್ಲ. ಪಾಟಿಯ ಮೇಲೆ ಬರೆದು ಒರೆಸಿದೆ. ಬರೆದ ಬೈಗುಳಕ್ಕೆ ರುಚಿಯಿಲ್ಲ.

ಸೆಪ್ಟೆಂಬರ್ 13, ಶನಿವಾರ

ಗಾಡಿಯ ಕಡೆ ನೋಡಲಿಲ್ಲ. ಗಾಡಿಯೂ ನನ್ನ ಕಡೆ ನೋಡಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಬಲಗಡೆಯ ನಟ್ಟಿನ ಮುಂದೆ ಕೂತು ಪಾನಾ ಎತ್ತುವಷ್ಟರಲ್ಲಿ ಹಿಂದಿನಿಂದ ಸಬೀರಾ, “ತಡೀರಿ. ಅದನ್ನೂ ಮುರೀತೀರಿ” ಎಂದಳು. ನಮ್ಮ ಮನೆಯ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

“ಗಾಡಿ ಎರಡ ನಿಮಿಷ ಚಾಲೂ ಮಾಡ್ರಿ, ಕಾಯಲಿ” ಎಂದಳು. ಮಾಡಿದೆ. ಓಣಿ ನಡುಗಿತು. ಬಂದ್ ಮಾಡಿಸಿ, ಕಾದ ನಟ್ಟಿನ ಬುಡಕ್ಕೆ ಮೇಣದಬತ್ತಿ ಮುಟ್ಟಿಸಿದಳು. ಮೇಣ ಕರಗಿ ಸಂದಿಯೊಳಗೆ ಇಳಿಯಿತು. ಆಮೇಲೆ ನನ್ನ ಕೈಯಿಂದ ಪಾನಾ ತೆಗೆದುಕೊಂಡು ಕೂತಳು.

“ಮೊದಲ ಬಿಗಿ ಮಾಡಬೇಕ್ರಿ, ಕೂದಲೆಳಿಯಷ್ಟ. ಆಮ್ಯಾಲ ಸಡಲ ಮಾಡಬೇಕು. ಜಂಗ ಹಿಡದದ್ದು ಜಗ್ಗಿದ್ರ ಬರೂದಿಲ್ಲ, ಮುರೀತೈತಿ. ಕೂಸಿನ್ನ ರಮಿಸಿದಂಗ ರಮಿಸಬೇಕು.”

ಬಿಗಿ, ಸಡಿಲ, ಬಿಗಿ, ಸಡಿಲ. ಅರ್ಧ ಗಂಟೆಗೆ ನಟ್ಟು ಅವಳ ಎರಡು ಬೆರಳಿಗೆ ತಿರುಗಿ ಬಂತು. ಸೈಲೆನ್ಸರ್ ಕಳಚಿ ನನ್ನ ಮಡಿಲಿಗೆ ಬಿತ್ತು. ಅಂಗಿಯ ಮೇಲೆ ಸೇರು ತುಕ್ಕು ಸುರಿಯಿತು.

‘ಯಾರು ಕಲಿಸಿದರು?’ ಎಂದು ಬರೆದೆ. “ಅಬ್ಬಾನ ಅಂಗಡ್ಯಾಗ ಕಲತೆ” ಎಂದಳು. ಮಾವನಿಗೆ ಟಿಕೋಟಾದಲ್ಲಿ ವೆಲ್ಡಿಂಗ್ ಅಂಗಡಿ ಇದ್ದದ್ದು ನನಗೆ ಗೊತ್ತು. ಅವರು ತೀರಿಕೊಂಡ ಮೇಲೆ ಅದು ಮುಚ್ಚಿತು. ಅಂಗಡಿಯಲ್ಲಿ ಇವಳೂ ಕೆಲಸ ಮಾಡುತ್ತಿದ್ದಳು ಎಂಬುದು ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಸಂಸಾರ! ‘ನನಗೆ ಹೇಳಲಿಲ್ಲ ಯಾಕೆ?’ ಎಂದು ಬರೆದೆ. “ನೀವು ಸುಮ್ಮ ಆಗೂದು ಯಾವಾಗ, ನಾ ಹೇಳೂದು ಯಾವಾಗ” ಎಂದು ನಕ್ಕು, ಕೈ ತೊಳೆಯಲು ಹೋದಳು.

ಹೆಂಗಸರಿಗೆ ಯಾವುದಕ್ಕೂ ಒಂದು ನೆಪ ಇರುತ್ತದೆ.

ಸೆಪ್ಟೆಂಬರ್ 16, ಮಂಗಳವಾರ

ತಪ್ಪು ಮಾಡಿದೆ. ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟು, ಒಂದೇ ಒಂದು ಸಲ ‘ಹೂಂ’ ಎಂದು ನೋಡಿದೆ. ದನಿ ಬರಲಿಲ್ಲ. ಬರೀ ಗಾಳಿ ಬಂತು.

ಮಧ್ಯಾಹ್ನ ಊಟ ಸೇರಲಿಲ್ಲ. ಸಬೀರಾ ಮುಖ ನೋಡಿಯೇ ಕಂಡುಹಿಡಿದಳು. “ಮಾತಾಡಿ ನೋಡಿದ್ರಿ ಹೌದಿಲ್ಲೋ?” ಎಂದು ಬೈದಳು. ‘ದನಿ ಬರದಿದ್ದರೆ?’ ಎಂದು ಬರೆದೆ. ಅವಳು ಪಾಟಿಯನ್ನು ಸೆರಗಿನಿಂದ ಒರೆಸಿ, “ಬರೀ ಹತ್ತ ದಿನ ಆಗೈತಿ, ಹುಣ್ಣ ಹಸೀ ಐತಿ. ಬರತೈತಿ. ಬರದಿದ್ರೂ ಮನಿ ಏನ ಬೀಳೂದಿಲ್ಲ” ಎಂದು ಪಕ್ಕದಲ್ಲಿ ಕೂತಳು.

ಆಮೇಲೆ ಏನೇನೋ ಹೇಳಿದಳು. ಅಂಗಡಿಯಲ್ಲಿ ಅವಳು ಮೊದಲ ದಿನ ಬೆಸೆದದ್ದು ಎಮ್ಮೆ ಕಟ್ಟುವ ಸರಪಳಿಯಂತೆ. ಎಮ್ಮೆ ಅದನ್ನು ಎರಡೇ ದಿನಕ್ಕೆ ಕಿತ್ತುಕೊಂಡು ಹೋಯಿತಂತೆ. ಎಮ್ಮೆಯ ಯಜಮಾನ ಸರಪಳಿ ಹಿಡಿದು ಜಗಳಕ್ಕೆ ಬಂದರೆ ಮಾವ, “ಸರಪಳಿ ಚೊಲೋನ ಐತಿ, ನಿನ್ನ ಎಮ್ಮಿ ಜಾಸ್ತಿ ಚೊಲೋ ಐತಿ” ಎಂದರಂತೆ. ನಗಲೂಬಾರದು ಎಂದಿದ್ದಾರೆ ಡಾಕ್ಟರು. ಹೊಟ್ಟೆ ಹಿಡಿದುಕೊಂಡು ಕೂತೆ. ರೊಟ್ಟಿ ಎರಡು ಜಾಸ್ತಿಯೇ ತಿಂದೆ.

ಸೆಪ್ಟೆಂಬರ್ 18, ಗುರುವಾರ

ಕಾಖಂಡಕಿಯಿಂದ ನಿಂಬೆ ತಂದ ಟೆಂಪೋ ಖಾಲಿ ಹೋಗುತ್ತಿತ್ತು. ಗಾಡಿ, ಸೈಲೆನ್ಸರ್, ಗಂಡ, ಹೆಂಡತಿ ಎಲ್ಲ ಅದರಲ್ಲೇ ಬಬಲೇಶ್ವರಕ್ಕೆ ಹೋದೆವು. ಅಲ್ಲಿ ತುಕಾರಾಮನ ವೆಲ್ಡಿಂಗ್ ಅಂಗಡಿ ಇದೆ. ಅವನು ಮಾವನ ಕೈಕೆಳಗೆ ಕೆಲಸ ಕಲಿತವನು, ಮುರಿದ ಕಡ್ಡಿ ತೆಗೆಯಲು ಅವನೇ ಸರಿ ಎಂದು ಸಬೀರಾ ಹೇಳಿದ್ದಳು.

ತುಕಾರಾಮ ಅವಳನ್ನು ನೋಡಿದವನೇ ಕೈಯೊರೆಸಿಕೊಂಡು ಎದ್ದು ನಿಂತ. “ಅಕ್ಕಾ! ಎಷ್ಟ ವರ್ಷ ಆತಬೇ!” ಎಂದ. ನನ್ನ ಕಡೆ ತಿರುಗಿ, “ಸಾಹೇಬ್ರ, ನಿಮ್ಮ ಮಾವ ವಸ್ತಾದರು ಕೆಲಸಾ ಕಲಿಸಿದ್ರು ಅಂತ ಮಂದಿಗೆ ಹೇಳತೇನಿ. ಖರೇ ಹೇಳಬೇಕಂದ್ರ ಅಕ್ಕ ಕಲಿಸ್ಯಾಳ್ರಿ. ವಸ್ತಾದರ ಕಣ್ಣ ಆವಾಗ್ಲೇ ಮಂಜ ಆಗಿದ್ವು. ಆಗಿನ ಕಾಲದಾಗ ಅಂಗಡ್ಯಾಗ ತಯಾರಾದ ಟ್ರೇಲರ್ ಅರ್ಧಕ್ಕರ್ಧ ಅಕ್ಕನ ಕೈಯಾಗಿನವು” ಎಂದ. ಸಬೀರಾ, “ಸುಮ್ಮ ಇರೋ, ಬ್ಯಾಟರಿ ತಂತಿ ಬಿಚ್ಚೀ ಇಲ್ಲೋ ಮೊದಲ ನೋಡು, ವೆಲ್ಡಿಂಗಿಗೆ ಸುಟ್ಟೀತು” ಎಂದಳು. ಅವನು ಬಿಚ್ಚಿರಲಿಲ್ಲ.

ಕೆಲಸ ಏನೆಂದರೆ, ಎಂಜಿನ್ನಿನೊಳಗೆ ಉಳಿದ ಕಡ್ಡಿಯ ತುದಿಗೆ ಒಂದು ನಟ್ಟು ಬೆಸೆದು, ಅದು ಬಿಸಿಯಿರುವಾಗಲೇ ತಿರುಗಿಸಿ ತೆಗೆಯಬೇಕು. ಬೆಂಕಿ ಒಂದು ಜೋಳದ ಕಾಳಿನಷ್ಟು ಅತ್ತಿತ್ತ ಆದರೆ ಎಂಜಿನ್ನಿನ ಅಲ್ಯುಮಿನಿಯಂ ಕರಗಿ ಹೋಗುತ್ತದೆ. ತುಕಾರಾಮ ಬಗ್ಗಿ ನೋಡಿ, ಎದ್ದು, ಮತ್ತೆ ಬಗ್ಗಿ ನೋಡಿ, “ನನಗ ಧೈರ್ಯ ಸಾಲವಲ್ದು ಅಕ್ಕಾ, ನೀನ ಹಿಡಿ” ಎಂದು ಕಪ್ಪು ಗಾಜಿನ ಮುಖವಾಡ ಅವಳ ಕೈಗೆ ಕೊಟ್ಟ.

ಅವಳು ನನ್ನ ಕಡೆ ನೋಡಿದಳು. ಬೇರೆ ದಿನವಾಗಿದ್ದರೆ ನಾನು ಏನೆನ್ನುತ್ತಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತು. ಬೇಡ, ಕಣ್ಣಿಗೆ ಬಡಿದೀತು, ಬಜಾರಿನ ಮಂದಿ ನೋಡುತ್ತಾರೆ, ಇಷ್ಟು ವರ್ಷದ ಮೇಲೆ ಕೈ ತಪ್ಪೀತು, ಇಪ್ಪತ್ತು ಮಾತು ಅನ್ನುತ್ತಿದ್ದೆ. ಪಾಟಿ ಟೆಂಪೋದಲ್ಲೇ ಉಳಿದಿತ್ತು. ತಲೆ ಅಲ್ಲಾಡಿಸಿದೆ. ಅದು ಹೂಂ ಎಂದೋ ಊಹೂಂ ಎಂದೋ ನನಗೇ ಖಚಿತವಿರಲಿಲ್ಲ. ಅವಳು ಹೂಂ ಎಂದು ತಿಳಿದುಕೊಂಡಳು.

ದುಪಟ್ಟಾ ತಲೆಗೆ ಬಿಗಿದು ಕಟ್ಟಿಕೊಂಡು, ಕೈಗವಸು ಹಾಕಿಕೊಂಡು ಕೂತಳು. ಬೆಳಕು ನೋಡಬಾರದೆಂದು ನಾನು ಗೋಡೆಯ ಕಡೆ ತಿರುಗಿ ನಿಂತೆ. ಗೋಡೆಯ ಮೇಲೆ ನೀಲಿ ಬೆಳಕು ಹತ್ತಿ ಆರುತ್ತಿತ್ತು, ನಡುವೆ ಅವಳ ನೆರಳು ಕದಲದೆ ಕೂತಿತ್ತು. ಚರ್ ಎನ್ನುವ ಸದ್ದು ನಿಂತಿತು. ತಿರುಗಿ ನೋಡಿದರೆ ಆಗಲೇ ಪಾನಾ ಹಾಕಿದ್ದಳು. ಬಿಗಿ, ಸಡಿಲ, ಬಿಗಿ, ಸಡಿಲ. ಮುರಿದ ಕಡ್ಡಿ ಹುಳದ ಹಾಗೆ ಹೊರಗೆ ಬಂತು. ಎಂಜಿನ್ನಿಗೆ ಒಂದು ಗೀರಿಲ್ಲ. ತುಕಾರಾಮ ಅದನ್ನು ಅಂಗೈ ಮೇಲಿಟ್ಟುಕೊಂಡು ಪಕ್ಕದ ಅಂಗಡಿಯವರಿಗೆಲ್ಲ ತೋರಿಸಿ ಬಂದ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ನಾನೇ ಮಾಡಿದೆನೇನೋ ಅನ್ನುವಷ್ಟು.

ಸೈಲೆನ್ಸರಿನ ತೂತಿಗೆ ತಗಡು ಬಡಿದರೆ ಆಯಿತಲ್ಲ ಎಂದು ಸನ್ನೆ ಮಾಡಿದೆ. “ಮ್ಯಾಲ ಪಟ್ಟಿ ಹಾಕಿದ್ರ ಆರ ತಿಂಗಳಕ್ಕ ಬಿಡತೈತ್ರಿ. ಜಂಗ ತಿಂದದ್ದನ್ನ ಪೂರ್ತಿ ಕತ್ತರಿಸಿ, ಗಟ್ಟಿ ಕಬ್ಬಿಣ ಸಿಕ್ಕಲ್ಲಿಂದ ಬೆಸೀಬೇಕು” ಎಂದು ಗೇಣುದ್ದ ಕತ್ತರಿಸಿಯೇ ಬಿಟ್ಟಳು. ಅಷ್ಟು ದೊಡ್ಡ ಬಾಯಿ ನೋಡಿ ತಲೆಯ ಮೇಲೆ ಕೈ ಹೊತ್ತು ಕೂತೆ. ಸಂಜೆಯೊಳಗೆ ಹೊಸ ಕೊಳವೆ ಕೂತಿತ್ತು. ಅದೇ ಟೆಂಪೋ ತಿರುಗಿ ಬಂದಾಗ ಗಾಡಿ ಹೇರಿಕೊಂಡು ಮನೆಗೆ ಬಂದೆವು, ಪಾಟಿಯೂ ಸಿಕ್ಕಿತು.

ಸೆಪ್ಟೆಂಬರ್ 21, ಭಾನುವಾರ

ಸಿದ್ದರಾಮ ನೋಡಲು ಬಂದಿದ್ದ. ಅವನ ದನಿ ಒಡೆದ ತಮಟೆಯಾಗಿದೆ. “ಹದಿನೈದ ದಿನಕ್ಕ ಗಂಟಲಾ ಹರದ ಹೋತ್ರಿ ಸೈಫಣ್ಣಾ. ನೀವ ಇಪ್ಪತ್ತೆರಡ ವರ್ಷ ಹೆಂಗ ಕೂಗಿದ್ರಿ?” ಎಂದ. ಇದನ್ನು ಕೇಳಿದರೆ ನನಗೆ ಖುಷಿಯಾಗಬೇಕಿತ್ತು. ಪಾಟಿಯ ಮೇಲೆ ‘ಬಿಸಿನೀರು ಕುಡಿ, ಮಧ್ಯೆ ಮಧ್ಯೆ ಸುಮ್ಮನಿರು’ ಎಂದು ಬರೆದೆ. ಸಬೀರಾ ಕಷಾಯ ಮಾಡಿ ಕೊಟ್ಟಳು. ಅವನ ತಾಯಿ ಪರಸವ್ವನಿಗೆ ಮೊಣಕಾಲು ನೋವಂತೆ, ತಂಗಿಗೆ ಹೆರಿಗೆ ಹತ್ತಿರ ಬಂತಂತೆ. ಹತ್ತು ವರ್ಷ ಅವನ ಪಕ್ಕ ನಿಂತಿದ್ದೇನೆ. ಅವನಿಗೆ ತಂಗಿ ಇದ್ದದ್ದು ಇವತ್ತು ತಿಳಿಯಿತು.

ಸೆಪ್ಟೆಂಬರ್ 23, ಮಂಗಳವಾರ

ಬಿಸಿ ತಡೆಯುವ ಕರಿ ಬಣ್ಣ ಎರಡು ಸಲ ಬಳಿದು ಒಣಗಿಸಿದ್ದೆವು. ಇವತ್ತು ಜೋಡಿಸಿದೆವು. ಎಂಜಿನ್ನಿನ ಬಾಯಿಗೆ ಹೊಸ ತಾಮ್ರದ ಬಳೆ, ಹೊಸ ಕಡ್ಡಿ, ಹೊಸ ನಟ್ಟು. ಬಿಗಿಯುವ ಕೆಲಸ ನನಗೆ ಕೊಟ್ಟಳು. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಒಂದೇ ಕಡೆ ಪೂರ್ತಿ ಬಿಗಿಯಬಾರದು ಎಂದು ಪಕ್ಕದಲ್ಲೇ ಕೂತು ಹೇಳಿಕೊಟ್ಟಳು.

ಕಿಕ್ ಹೊಡೆದೆ. ಸದ್ದೇ ಇಲ್ಲ ಎಂದುಕೊಂಡೆ. ಕೈಯಿಟ್ಟು ನೋಡಿದರೆ ಗಾಡಿ ಮೆತ್ತಗೆ ನಡುಗುತ್ತಿದೆ. ಆಶಾಬಿ ಖಾಲಾ ಕಟ್ಟೆಯಿಂದಲೇ, “ಲೇ ಸೈಫು, ಚಾಲೂ ಐತೋ ಇಲ್ಲೋ? ನೀ ಬಂದದ್ದ ಗೊತ್ತಾಗವಲ್ದಲ್ಲೋ!” ಎಂದು ದೂರಿದಳು. ಯಾವುದಕ್ಕೂ ಅವಳಿಗೆ ಸಮಾಧಾನವಿಲ್ಲ.

ರಾತ್ರಿ ಊಟವಾದ ಮೇಲೆ ಸಬೀರಾ ಹೇಳುತ್ತಾಳೆ, ನಾನು ಕೇಳುತ್ತೇನೆ. ಪಾಟಿಯ ಮೇಲೆ ಎರಡು ದಿನದಿಂದ ಒಂದೇ ಶಬ್ದ ಇದೆ: ‘ಆಮೇಲೆ?’ ಒರೆಸಿ ಮತ್ತೆ ಅದನ್ನೇ ಬರೆಯುವುದೇಕೆಂದು ಹಾಗೇ ಬಿಟ್ಟಿದ್ದೇನೆ.

ಸೆಪ್ಟೆಂಬರ್ 29, ಸೋಮವಾರ

ಡಾಕ್ಟರು ಗಂಟಲಲ್ಲಿ ದೀಪ ಬಿಟ್ಟು ನೋಡಿ, “ಹೆಸರ ಹೇಳ್ರಿ” ಎಂದರು. ಬಾಯಿ ತೆರೆಯಲು ಅಂಜಿಕೆಯಾಯಿತು. ಸಬೀರಾ ನನ್ನ ತೋಳು ಹಿಡಿದಿದ್ದಳು. “ಸೈಫುದ್ದೀನ” ಎಂದೆ. ಬಂತು! ತಗ್ಗಿದ, ಸ್ವಲ್ಪ ಒರಟು ದನಿ, ಯಾರೋ ಪಕ್ಕದ ಕೋಣೆಯಿಂದ ಹೇಳಿದ ಹಾಗೆ. ಆದರೂ ನನ್ನದೇ. ಕಣ್ಣಲ್ಲಿ ನೀರು ಬಂತು, ನಾಚಿಕೆಯಾಗಲಿಲ್ಲ.

“ಮಾತಾಡ್ರಿ. ಆದ್ರ ಕೂಗಬ್ಯಾಡ್ರಿ. ಇನ್ನ ಮ್ಯಾಲ ಎಂದೂ” ಎಂದರು. ಹೊರಗೆ ಬಂದ ಮೇಲೆ ಆ ಕೊನೆಯ ಮಾತು ತಲೆಗೆ ಹತ್ತಿತು. ಎಂದೂ ಕೂಗದೆ ಸವಾಲು ಮಾಡುವುದು ಹೇಗೆ?

ಅಕ್ಟೋಬರ್ 1, ಬುಧವಾರ

ಅದಕ್ಕೂ ದಾರಿ ಇತ್ತು. ಸಿದ್ದರಾಮ ದಲಾಲರನ್ನೆಲ್ಲ ಒಪ್ಪಿಸಿ, ಕಿವಿಗೆ ಸಿಕ್ಕಿಸಿಕೊಳ್ಳುವ ಮೈಕೊಂದನ್ನು ತರಿಸಿ ಇಟ್ಟಿದ್ದ. “ಸರದೀಲೆ ಮಾಡೂಣ್ರಿ ಅಣ್ಣಾ, ಒಂದ ದಿನ ನೀವು, ಒಂದ ದಿನ ನಾನು” ಎಂದ. ಸ್ಟೂಲಿನ ಮೇಲೆ ನಿಂತು ಮನೆಯಲ್ಲಿ ಮಾತಾಡುವಷ್ಟೇ ಮೆತ್ತಗೆ “ಒಂದನೇ ಸಲ” ಎಂದೆ. ಗೇಟಿನ ಹೊರಗಿನವರೂ ತಿರುಗಿ ನೋಡಿದರು. ಜೀವ ತಣ್ಣಗಾಯಿತು.

ಮನೆಗೆ ಬಂದು ಎಲ್ಲವನ್ನೂ ಸಬೀರಾಗೆ ಹೇಳಿದೆ. ಯಾವ ಊರಿನ ಮಾಲು, ಯಾರು ಏನೆಂದರು, ಮೈಕು ಹೇಗೆ ಕೇಳಿಸಿತು, ಊಟ ಮುಗಿದು ತಾಟು ಒಣಗುವವರೆಗೆ ಹೇಳಿದೆ. “ಹೌದ್ರಿ”, “ಚೊಲೋ ಆತ್ರಿ” ಎಂದಳು. ಅವಳು ತನ್ನದೇನೂ ಹೇಳಲಿಲ್ಲ. ಮನೆ ಯಾಕೋ ಸಪ್ಪಗಿತ್ತು. ಅವಳಿಗೆ ಮೈಯಲ್ಲಿ ಆರಾಮಿಲ್ಲವೇನೋ.

ಅಕ್ಟೋಬರ್ 5, ಭಾನುವಾರ

ಸಬೀರಾಳ ತಮ್ಮ ಅಕ್ರಮ ಊಟಕ್ಕೆ ಕರೆದಿದ್ದ. ಇಬ್ಬರೂ ಗಾಡಿಯ ಮೇಲೆ ಟಿಕೋಟಾಕ್ಕೆ ಹೊರಟೆವು. ತೊರವಿ ದಾಟುವವರೆಗೆ ನಾನೇ ಮಾತಾಡಿದೆ. ಗಾಡಿ ಈಗ ಎಷ್ಟು ಮೆತ್ತಗೆ ಓಡುತ್ತದೆಂದರೆ ನನ್ನ ಮಾತು ನನಗೇ ಪೂರ್ತಿ ಕೇಳಿಸುತ್ತಿತ್ತು. ಬರೀ ನಿಂಬೆಹಣ್ಣು. ನನಗೇ ಬೇಸರ ಬಂದು ಸುಮ್ಮನಾದೆ.

ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಅವಳು, “ನೀವು ನನ್ನ ನೋಡಾಕ ಬಂದ ದಿನ ನೆನಪೈತೇನ್ರಿ?” ಎಂದಳು. ಹೂಂ ಎಂದೆ.

“ಅವತ್ತ ಅಬ್ಬಾ ನನಗ ಉದ್ದ ತೋಳಿನ ಅಂಗಿ ಹಾಕ್ಕೋ ಅಂದ್ರು. ಕೈ ಮ್ಯಾಲ ವೆಲ್ಡಿಂಗಿನ ಸುಟ್ಟ ಕಲಿ ಇದ್ವಲ್ಲ, ಕಂಡ್ರ ಸಂಬಂಧ ಮುರದೀತು ಅಂತ ಅಂಜಿಕಿ. ಕೇಳಿದ್ರ ರೊಟ್ಟಿ ಹಂಚಿಂದು ಅನ್ನು ಅಂತ ಕಲಿಸಿದ್ರು. ನೀವು ಬಂದ ಕುಂತವರು ನಿಂಬಿಹಣ್ಣಿನ ಮಾತ ತಗದ್ರಿ. ಎರಡ ತಾಸು! ನಾ ಬಂದೆ, ಚಹಾ ಕೊಟ್ಟೆ, ಹೋದೆ. ನೀವು ಹೋದ ಮ್ಯಾಲ ಅಬ್ಬಾ ತುಕಾರಾಮಗ ಹೇಳಾಕತ್ತಿದ್ರು, ‘ಹುಡುಗ ಭಾಳ ಚೊಲೋ ಅದಾನಲೇ, ಏನೂ ಕೇಳೂದಿಲ್ಲ’ ಅಂತ.”

ಅವಳು ನಕ್ಕಳು, ನಾನೂ ನಕ್ಕೆ. ವರದಕ್ಷಿಣೆ ಕೇಳದವನೆಂದು ಮಾವ ಹೊಗಳಿದ್ದಾರೆ ಎಂದು ಮೊದಲು ಹೆಮ್ಮೆಯಾಯಿತು. ಒಂದು ಮೈಲಿ ಹೋದ ಮೇಲೆ ಅದೇ ಮಾತು ಕಿವಿಯಲ್ಲಿ ಬೇರೆ ಥರ ಕೇಳತೊಡಗಿತು. ಆ ಕಲೆಗಳನ್ನು ಹತ್ತೊಂಬತ್ತು ವರ್ಷ ನೋಡಿದ್ದೇನೆ. ರೊಟ್ಟಿ ಹಂಚಿನವು ಎಂದೇ ತಿಳಿದಿದ್ದೆ. ಆ ಸುಳ್ಳನ್ನು ಅವಳು ನನಗೆ ಹೇಳುವ ಪ್ರಸಂಗವೇ ಬಂದಿರಲಿಲ್ಲ.

“ಮದಿವಿ ನಿಕ್ಕಿ ಆದ ಮ್ಯಾಲ ಅಂಗಡಿಗೆ ಹೋಗೂದು ಬಿಟ್ಟಿಯೇನ?” ಎಂದೆ.

ಅವಳು ಗದ್ದವನ್ನು ನನ್ನ ಭುಜಕ್ಕೆ ತಂದು ಹೇಳತೊಡಗಿದಳು. ಬಿಟ್ಟಿರಲಿಲ್ಲವಂತೆ. ಘೋಣಸಗಿಯ ಬಸಲಿಂಗಯ್ಯ ಎಂಬವರ ಟ್ರೇಲರ್ ಅರ್ಧಕ್ಕೆ ನಿಂತಿತ್ತಂತೆ. ಮದುವೆಯ ಸೀರೆ ನೋಡಲು ಹೋಗುವ ನೆಪ ಹೇಳಿ ದಿನಾ ಎರಡು ತಾಸು ಅಂಗಡಿಗೆ ಹೋಗುತ್ತಿದ್ದಳಂತೆ. ಅಡ್ಡಪಟ್ಟಿ ಬೆಸೆದದ್ದು, ಸರಳು ಸಾಲದೆ ಹೋದದ್ದು, ಮಾವ ಬಾಗಿಲಲ್ಲಿ ಕಾವಲು ಕೂತದ್ದು, ಒಂದೊಂದಾಗಿ ಬಂತು. ನಾನು ವೇಗ ಇಳಿಸಿದೆ. ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋದ.

ಟಿಕೋಟಾ ಬಂತು. ಅಕ್ರಮನ ಓಣಿಗೆ ಬಲಕ್ಕೆ ಹೊರಳಬೇಕು. ಅವಳ ಮಾತು ಆಗಷ್ಟೇ ಟ್ರೇಲರಿನ ಹಿಂದಿನ ಬಾಗಿಲಿಗೆ ಬಂದಿತ್ತು. ನಾನು ಹೊರಳಲಿಲ್ಲ. ಊರು ದಾಟಿ ಎರಡು ಮೈಲಿ ಹೋದ ಮೇಲೆ ಅವಳಿಗೆ ಎಚ್ಚರವಾಯಿತು. “ಅಯ್ಯ, ಊರ ಹಿಂದ ಉಳೀತಲ್ರಿ! ಅಕ್ರಮ ತಾಟ ಹಚ್ಚಿ ಕಾಯಾಕತ್ತಿರತಾನ” ಎಂದು ಬೆನ್ನಿಗೊಂದು ಗುದ್ದಿದಳು.

“ಕಾಯಲಿ” ಎಂದೆ. “ನೀ ಹೇಳು.”